ಕತ್ತಿನ ಬಣ್ಣ ನೋಡಿ ಫೌಂಡೇಶನ್ ಕೊಳ್ಳಿ

ಮುಹೂರ್ತದ ದಿನಗಳು ಬಂದವೆಂದರೆ ಟಿ. ನಗರದ ಪಾಂಡಿ ಬಜಾರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ನಿಮಗೇ ಗೊತ್ತು. ಸೀರೆಗೆ ಮೂರು ದಿನ, ಬ್ಲೌಸಿಗೆ ನಾಲ್ಕು ಸಲ ಟೈಲರ್ ಹತ್ತಿರ. ಫೌಂಡೇಶನ್ ಮಾತ್ರ ಕೊನೇ ಗಳಿಗೆಯಲ್ಲಿ, ಐದೇ ನಿಮಿಷದಲ್ಲಿ! ಆಲ್ಬಮ್ಮಿನಲ್ಲಿ ಅದನ್ನು ನೋಡುವುದೋ, ಜೀವನವಿಡೀ.

ನನ್ನ ಅಕ್ಕನ ಮಗಳ ನಿಶ್ಚಿತಾರ್ಥದಲ್ಲಿ ಹೀಗೇ ಆಯಿತು. ಎಣ್ಣೆಗಪ್ಪು ಬಣ್ಣ, ಲಕ್ಷಣವಾದ ಮುಖ. ಅಂಗಡಿಯ ಹುಡುಗಿ ಎರಡು ಶೇಡ್ ತಿಳಿಯದನ್ನು ಕೊಟ್ಟು, ಇದು ಹಚ್ಚಿದರೆ ಬೆಳ್ಳಗೆ ಕಾಣುತ್ತಾರೆ ಅಂದಳು. ನಮ್ಮಕ್ಕ ಹೂಂ ಅಂದಳು, ನಾನೂ ಪಕ್ಕದಲ್ಲೇ ಇದ್ದೆ. ಫೋಟೋ ಬಂದಾಗ ನೋಡಿದರೆ ಮುಖ ವಿಭೂತಿ ಬಳಿದ ಹಾಗೆ ಬೂದು, ಕತ್ತು ಮತ್ತು ಕೈ ಮಾತ್ರ ಅವಳವು. ಮಗು ಆಲ್ಬಮ್ ಮುಚ್ಚಿ, "ನಾನು ಕಪ್ಪು ಅಂತ ತಾನೇ ಚಿಕ್ಕಮ್ಮಾ ಹೀಗಾಗಿದ್ದು?" ಅಂತ ಕೇಳಿದಳು. ಇಲ್ಲ ಕಣೇ, ಡಬ್ಬಿ ಕೊಂಡವರು ನಾವು, ತಪ್ಪು ನಮ್ಮದು.

ಬೂದು ಯಾಕೆ ಬಂತು? ಫೌಂಡೇಶನ್ನಿಗೆ ಬಣ್ಣ ಕೊಡುವುದು ಮುಖ್ಯವಾಗಿ ಹಳದಿ, ಕೆಂಪು, ಕಪ್ಪು ಐರನ್ ಆಕ್ಸೈಡುಗಳು, ಜೊತೆಗೆ ಬಿಳಿಯ ಟೈಟಾನಿಯಂ ಡೈಆಕ್ಸೈಡ್. ಶೇಡ್ ತಿಳಿಯಾದಷ್ಟೂ ಬಿಳಿ ಪುಡಿ ಹೆಚ್ಚು. ಕಂದು ಚರ್ಮದ ಮೇಲೆ ಆ ಬಿಳಿ ಕೂತರೆ ಬೆಳ್ಳಗಾಗುವುದಿಲ್ಲ, ಬೂದಿಯಾಗುತ್ತದೆ. ಫ್ಲಾಶ್ ಬೆಳಕು ಬಿದ್ದರಂತೂ ಇನ್ನೂ ಎದ್ದು ಕಾಣುತ್ತದೆ.

ನಮ್ಮ ಮನೆಗಳಲ್ಲಿ ಬಣ್ಣವೆಂದರೆ ಕಪ್ಪೋ ಬಿಳುಪೋ, ಅಷ್ಟೇ. ಇಲ್ಲಿಯ ತಮಿಳಿನವರ ಬಾಯಲ್ಲಿ 'ಮಾನಿರಂ' ಅಂತ ಒಂದು ಚೆಂದದ ಪದವಿದೆ, ಎರಡಕ್ಕೂ ನಡುವಿನ ಬಣ್ಣಕ್ಕೆ. ಆದರೆ ಗಾಢ, ತಿಳಿ ಅನ್ನುವುದರ ಜೊತೆಗೆ ಚರ್ಮದೊಳಗಿನ ಛಾಯೆ ಅಂತ ಇನ್ನೊಂದಿದೆ. ಅಂಡರ್‌ಟೋನ್ ಅನ್ನುತ್ತಾರಲ್ಲ, ಅದೇ. ಕೆಲವರದು ಹೊನ್ನಿನ ಹಳದಿ, ಕೆಲವರದು ಕೆಂಪು, ಕೆಲವರಲ್ಲಿ ಕೊಂಚ ಹಸಿರು. ಮಣಿಕಟ್ಟಿನ ನರ ನೋಡಿ ತಿಳಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ಗಾಢ ಬಣ್ಣದವರಿಗೆ ನರ ಕಂಡರೆ ತಾನೇ! ಬೆಳಗಿನ ಬೆಳಕಿನಲ್ಲಿ, ಮುಖ ತೊಳೆದು, ಒಂದು ಬಿಳಿ ಪಂಚೆಯನ್ನು ಕತ್ತಿನ ಬಳಿ ಹಿಡಿದು ಕನ್ನಡಿ ನೋಡಿ. ಛಾಯೆ ಸುಮಾರಾಗಿ ತಿಳಿಯುತ್ತದೆ. ಎಷ್ಟೋ ಬ್ರಾಂಡುಗಳ ಬಾಟಲಿ ಮೇಲೆ ಡಬ್ಲ್ಯೂ, ಸಿ, ಎನ್ ಅಂತ ಇರುವುದು ಈ ಛಾಯೆಗಾಗಿಯೇ: ಹಳದಿ ಬೆಚ್ಚನೆಯದು, ಕೆಂಪು ತಣ್ಣನೆಯದು, ಮಧ್ಯದ್ದು. ನಂಬರನ್ನು ಮಾತ್ರ ನಂಬಬೇಡಿ. ಒಂದು ಕಂಪನಿಯ ಮೂರು ಇನ್ನೊಂದರ ಐದಾಗಿರಬಹುದು.

ಅಂಗಡಿಯಲ್ಲಿ ಮುಂಗೈ ಮೇಲೆ ಹಚ್ಚಿ ನೋಡಬೇಡಿ. ಮುಂಗೈಗೂ ಮುಖಕ್ಕೂ ಸಂಬಂಧವಿಲ್ಲ. ಹೊಂದುವಂಥ ಮೂರು ಶೇಡ್ ಆರಿಸಿ, ಹೊಸ ಹತ್ತಿಯ ಕಡ್ಡಿಯಿಂದ ದವಡೆಯಿಂದ ಕತ್ತಿನವರೆಗೆ ಮೂರು ಗೀಟು ಎಳೆಯಿರಿ. ಆಮೇಲೆ ಟ್ಯೂಬ್‌ಲೈಟಿನಿಂದ ಹೊರಗೆ ಬನ್ನಿ. ಒಂದು ಫಿಲ್ಟರ್ ಕಾಫಿ ಕುಡಿಯಿರಿ, ಅವಸರವಿಲ್ಲ. ನಮ್ಮ ಚೆನ್ನೈ ಬೆವರಿಗೆ, ಮುಖದ ಜಿಡ್ಡಿಗೆ, ಗಾಳಿಗೆ ಎಷ್ಟೋ ಫೌಂಡೇಶನ್ ಹದಿನೈದು ಇಪ್ಪತ್ತು ನಿಮಿಷದಲ್ಲಿ ಒಂದಿಷ್ಟು ಕಪ್ಪಾಗುತ್ತದೆ. ಅಷ್ಟಾದ ಮೇಲೆ ಯಾವ ಗೀಟು ಕಾಣದೆ ಹೋಯಿತೋ ಅದೇ ನಿಮ್ಮದು. ದಿನವೂ ಮುಖಕ್ಕೆ ಅರಿಶಿನ ಹಚ್ಚುವವರು ಕತ್ತಿನ ಬಣ್ಣವನ್ನೇ ನಂಬಿ. ಎರಡರ ನಡುವೆ ಬಿದ್ದರೆ ಎರಡನ್ನೂ ಬೆರೆಸಿ, ಬ್ಯೂಟೀಷಿಯನ್‌ಗಳು ಮಾಡುವುದೂ ಅದನ್ನೇ.

ಸಿನಿಮಾದವರಿಗೆ ಇದು ಹಳೆಯ ಪಾಠ. ಕಪ್ಪುಬಿಳುಪಿನ ಕಾಲದಲ್ಲಿ ಪರದೆಯ ಮೇಲೆ ಇದ್ದದ್ದು ಬರೀ ಬೆಳಕು ನೆರಳು. 1964ರಲ್ಲಿ ಬಿ.ಎಸ್. ರಂಗಾ ಅವರ 'ಅಮರಶಿಲ್ಪಿ ಜಕಣಾಚಾರಿ' ಬಂದು ಕನ್ನಡ ಚಿತ್ರಕ್ಕೆ ಪೂರ್ತಿ ಬಣ್ಣ ಬಂತು. ಬಣ್ಣದಲ್ಲಿ ಮುಖ ಒಂದು, ಕತ್ತು ಒಂದು ಆದರೆ ಮುಚ್ಚಿಡಲು ಆಗುವುದಿಲ್ಲ.

ಬೆಳ್ಳಗಾಗುವ ಕ್ರೀಮನ್ನು 1975ರಿಂದ ನಮಗೆ ಮಾರಿದ 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಕಪ್ಪೂ ಚೆಲುವೇ ಅನ್ನುವ 'ಡಾರ್ಕ್ ಈಸ್ ಬ್ಯೂಟಿಫುಲ್' ಅಭಿಯಾನವನ್ನು 2009ರಲ್ಲಿ ಶುರು ಮಾಡಿದ್ದು ಇದೇ ಚೆನ್ನೈನ 'ವಿಮೆನ್ ಆಫ್ ವರ್ತ್' ಸಂಸ್ಥೆ. ನಮ್ಮ ಮನೆಯ ಮಾತು ಬದಲಾಗಲು ಮಾತ್ರ ಇನ್ನೂ ಸಮಯ ಬೇಕೇನೋ. ಅಂಗಡಿಯವರು ತಿಳಿ ಶೇಡನ್ನೇ ಮುಂದಿಟ್ಟರೆ ಗಾಢವಾದದ್ದನ್ನೂ ತೆಗೆಯಿರಿ ಅಂತ ಕೇಳಿ. ನಾಚಿಕೆ ಬೇಡ.

ಮದುವೆಯ ಹಿಂದಿನ ವಾರ ಅಕ್ಕನ ಮಗಳನ್ನು ನಾನೇ ಕರೆದುಕೊಂಡು ಹೋದೆ. ಮೂರು ಗೀಟಿನಲ್ಲಿ ಮಾಯವಾದದ್ದು ಎಲ್ಲಕ್ಕಿಂತ ಗಾಢವಾದದ್ದು. ಮದುವೆಯ ಆಲ್ಬಮ್ ಈಗ ಅವರ ಹಾಲಿನ ಟೀಪಾಯಿ ಮೇಲೇ ಇರುತ್ತದೆ, ಹೋದವರಿಗೆಲ್ಲ ಅವಳೇ ತೆಗೆದು ತೋರಿಸುತ್ತಾಳೆ.