ಬೇರು ಎತ್ತಿದ ಕಲ್ಲು, ಯಾರಿಗೆ ಖರ್ಚು?



ಮನೆ ಮುಂದೆ ಮರ ಇದ್ದರೆ ನೆರಳು, ತಂಪು. ಆದರೆ ಅದರ ಬೇರು ಕಾಲುದಾರಿಯ ಚಪ್ಪಡಿ ಕಲ್ಲನ್ನು ಮೇಲೆ ಎತ್ತುತ್ತದೆ. ವಯಸ್ಸಾದವರು ಎಡವುತ್ತಾರೆ. ತಲೆ ಮೇಲೆ ಕೊಡ ಇಟ್ಟವರಿಗೆ ಕಾಲ ಕೆಳಗಿನ ಕಲ್ಲು ಕಾಣೋದೇ ಇಲ್ಲ. ಇದನ್ನು ಸರಿ ಮಾಡಿಸೋರು ಯಾರು? ದುಡ್ಡು ಯಾರದು?

ಈ ಜಗಳ ಅಮೆರಿಕದ ನ್ಯೂಯಾರ್ಕ್ ನಗರದಲ್ಲೂ ಇದೆ. ಅಲ್ಲಿ ಏನು ಮಾಡಿದರು ಅಂತ ಇವತ್ತು ಹೇಳುತ್ತೇವೆ.

ನ್ಯೂಯಾರ್ಕಿನ ಕಾನೂನು ಹೀಗಿದೆ. ಮನೆ ಮುಂದಿನ ಕಾಲುದಾರಿಯಲ್ಲಿ ಎಲ್ಲರೂ ಓಡಾಡುತ್ತಾರೆ. ಆದರೆ ರಿಪೇರಿ ಮನೆಯ ಒಡೆಯರದು. ಬೀದಿಯ ಮರ ಮಾತ್ರ ನಗರಪಾಲಿಕೆಯದು. ಅಂದರೆ ಪಾಲಿಕೆಯ ಮರ ಕಲ್ಲು ಎತ್ತಿದರೂ ಖರ್ಚು ಮನೆಯವರ ತಲೆಗೆ! ಇದು ಯಾವ ನ್ಯಾಯ ಹೇಳಿ?

ಮನೆಯವರು ಸರಿ ಮಾಡಿಸದಿದ್ದರೆ ಪಾಲಿಕೆ ತಾನೇ ಮಾಡಿಸಿ ಬಿಲ್ಲು ಕಳಿಸುತ್ತಿತ್ತು. ಕಟ್ಟದಿದ್ದರೆ ಅದು ಮನೆಯ ಮೇಲೆ ಸಾಲವಾಗಿ ಕೂರುತ್ತಿತ್ತು. ಮನೆ ಮಾರಲು ಹೋದಾಗ ಅಡ್ಡ ಬರುತ್ತಿತ್ತು. ಪಾಲಿಕೆಯ ಮರದಿಂದ ಮಾತ್ರ ಕಲ್ಲು ಕೆಟ್ಟಿದ್ದರೆ ಸಣ್ಣ ಮನೆಯವರ ಮೇಲೆ ಇಂಥ ಸಾಲ ಹಾಕುವುದಿಲ್ಲ ಅಂತ 2019ರಲ್ಲಿ ತೀರ್ಮಾನವಾಯಿತು.

ಸಣ್ಣ ಮನೆ ಅಂದರೆ ಒಂದು, ಎರಡು, ಹೆಚ್ಚೆಂದರೆ ಮೂರು ಸಂಸಾರ ಇರುವ ಮನೆ. ಇಂಥವರಿಗೆ ಪಾಲಿಕೆ ಪುಕ್ಕಟೆ ರಿಪೇರಿಯನ್ನೂ ಮಾಡಿಕೊಡುತ್ತದೆ. ಮನೆಯವರು 311 ನಂಬರಿಗೆ ಫೋನ್ ಮಾಡಬೇಕು. ಪಾಲಿಕೆಯವರು ಬಂದು ನೋಡುತ್ತಾರೆ. ಕಲ್ಲು ಎಷ್ಟು ಎದ್ದಿದೆ? ನಡೆಯಲು ಎಷ್ಟು ಜಾಗ ಉಳಿದಿದೆ? ಎಷ್ಟು ಜನ ಓಡಾಡುತ್ತಾರೆ? ಮರ ಹೇಗಿದೆ? ಎಲ್ಲಾ ನೋಡಿ ಅಂಕ ಹಾಕುತ್ತಾರೆ, ಪರೀಕ್ಷೆಗೆ ಹಾಕಿದ ಹಾಗೆ! ತೀರಾ ಕೆಟ್ಟ ಜಾಗ ಮೊದಲು. ಉಳಿದವರು ಕಾಯಬೇಕು. 2015ರಲ್ಲಿ ಎಣಿಸಿದಾಗ ಆ ಊರಿನ ಬೀದಿಗಳಲ್ಲಿ 6 ಲಕ್ಷ 60 ಸಾವಿರಕ್ಕೂ ಹೆಚ್ಚು ಮರ ಇದ್ದವು. ಕಾಯದೆ ಆಗುತ್ತದೆಯೇ?

ಮರದ ತಪ್ಪೇನೂ ಇಲ್ಲ, ನೋಡಿ. ಬೇರಿಗೂ ಗಾಳಿ ಬೇಕು, ನೀರು ಬೇಕು. ಗಟ್ಟಿ ಮಣ್ಣಿನಲ್ಲಿ ಆಳಕ್ಕೆ ಹೋದರೆ ಗಾಳಿ ಸಿಗದು. ಕಲ್ಲಿನ ಕೆಳಗೆ ತೇವ ಇರುತ್ತದೆ. ಬೇರು ಅಲ್ಲೇ ಹರಡುತ್ತದೆ. ವರ್ಷ ವರ್ಷ ದಪ್ಪ ಆಗುತ್ತದೆ, ಕಲ್ಲು ಏಳುತ್ತದೆ. ಹಾಗಂತ ದಪ್ಪ ಬೇರು ಕಡಿದರೆ ಮರ ಒಣಗಬಹುದು, ಬಿರುಗಾಳಿಗೆ ಉರುಳಬಹುದು. ಅದಕ್ಕೇ ನ್ಯೂಯಾರ್ಕಿನಲ್ಲಿ ಬುಡದ ಸುತ್ತ ಮಣ್ಣಿನ ಪಾತಿ ಅಗಲ ಮಾಡುತ್ತಾರೆ. ಜಾಗ ಇದ್ದರೆ ದಾರಿಯನ್ನೇ ಮರದ ಬಳಿ ಸ್ವಲ್ಪ ಬಳಸಿ ಹಾಕುತ್ತಾರೆ.

ನಮ್ಮ ಕರ್ನಾಟಕದ ಊರುಗಳಲ್ಲಿ ಬೀದಿಯ ಕಾಲುದಾರಿ ನೋಡಿಕೊಳ್ಳುವುದು ಪುರಸಭೆ, ನಗರಸಭೆಯ ಕೆಲಸ. ಕಲ್ಲು ಎದ್ದಿದ್ದರೆ ಅಲ್ಲಿಗೆ ಅರ್ಜಿ ಬರೆಯೋಣ. ಬೀದಿಯ ಹೆಸರು, ಯಾವ ಮನೆ ಮುಂದೆ, ಕಲ್ಲು ಎಷ್ಟು ಗೇಣು ಎದ್ದಿದೆ, ಇಷ್ಟು ಬರೆದರೆ ಸಾಕು. ಕೆಳಗೆ ನಾಲ್ಕಾರು ಮನೆಯವರು ಸಹಿ ಹಾಕೋಣ. ಹೆಬ್ಬೆಟ್ಟು ಅಲ್ಲ, ಸಹಿ! ಇನ್ನೊಂದು ಪ್ರತಿ ಬರೆದು, ಅದರ ಮೇಲೆ ಕಚೇರಿಯ ಮೊಹರು ಹಾಕಿಸಿ ಇಟ್ಟುಕೊಳ್ಳಿ. ಮರಕ್ಕೆ ಮಾತ್ರ ಕೊಡಲಿ ಹಾಕಬೇಡಿ. 1976ರ ಮರ ಸಂರಕ್ಷಣೆ ಕಾಯಿದೆ ಇದೆ. ಕಡಿಯಲು ಮರ ಅಧಿಕಾರಿಯ ಒಪ್ಪಿಗೆ ಬೇಕು.