ಅನುತಾಪಕ್ಕೂ ಒಂದು ಅರ್ಪಣೆ

॥ ಶ್ರೀ ಗುರುಭ್ಯೋ ನಮಃ ॥ ಹರಿಃ ಓಂ ॥



ದೇವಪೂಜೆಯ ಕೊನೆಯಲ್ಲಿ ನಡೆಯುವ ಒಂದು ಚಿಕ್ಕ ವಿಧಿಯನ್ನು ಎಲ್ಲರೂ ಬಲ್ಲರು. ನಡುವೆ ಮಂತ್ರ, ತಂತ್ರ, ಸ್ವರ, ವರ್ಣಗಳಲ್ಲಿ ಲೋಪವಾಗಿದ್ದರೆ ಅದರ ಪ್ರಾಯಶ್ಚಿತ್ತಕ್ಕಾಗಿ ಅಚ್ಯುತ, ಅನಂತ, ಗೋವಿಂದ ಎಂಬ ನಾಮತ್ರಯವನ್ನು ಜಪಿಸಿ, ಮಾಡಿದ್ದೆಲ್ಲವನ್ನೂ ಕೃಷ್ಣನಿಗೆ ಅರ್ಪಿಸಿ ಏಳುವುದು ಸಂಪ್ರದಾಯ. ಲೋಪವೇ ಆಗಿಲ್ಲವೆಂದು ಯಾರೂ ವಾದಿಸುವುದಿಲ್ಲ. ಲೋಪವಾಯಿತೆಂದು ದಿನವಿಡೀ ಮಣೆಯ ಮೇಲೆ ಅಳುತ್ತ ಕೂಡುವುದೂ ಇಲ್ಲ. ಒಪ್ಪಿಕೊಳ್ಳುವುದು, ಒಪ್ಪಿಸುವುದು, ಏಳುವುದು: ಈ ಮೂರು ದೇವರಕೋಣೆಯಲ್ಲಿ ಸುಲಭ, ಬದುಕಿನಲ್ಲಿ ಬಲು ಕಷ್ಟ.

ಮುಂಬಯಿಯ ಉಪನಗರದಲ್ಲಿರುವ ಒಬ್ಬ ಗೃಹಿಣಿಯನ್ನು ಕಲ್ಪಿಸಿಕೊಳ್ಳಬಹುದು. ಎರಡು ಕೋಣೆಗಳ ಮನೆ. ಬೆಳಗಿನ ಲೋಕಲ್ ರೈಲಿಗೆ ಹೊರಡುವ ಪತಿ, ಶಾಲೆಗೆ ಹೋಗುವ ಮಕ್ಕಳು, ನಾಲ್ಕು ವರ್ಷಗಳಿಂದ ಹಾಸಿಗೆ ಹಿಡಿದ ಅತ್ತೆಯವರು. ಎಲ್ಲವನ್ನೂ ಆಕೆ ಒಬ್ಬಳೇ ನಡೆಸಿದಳು. ಒಂದು ರಾತ್ರಿ ಅತ್ತೆಯವರು ಮೂರನೆಯ ಬಾರಿ ನೀರು ಕೇಳಿದಾಗ ಆಕೆಯ ಬಾಯಿಂದ ಒಂದು ಕಟು ಮಾತು ಹೊರಬಿದ್ದಿತು. ಎರಡೇ ದಿನಗಳಲ್ಲಿ ಅತ್ತೆಯವರು ತೀರಿಕೊಂಡರು. ನಾಲ್ಕು ವರ್ಷಗಳ ಸೇವೆ ಮರೆತುಹೋಯಿತು; ಆ ಒಂದು ಮಾತು ಮಾತ್ರ ಉಳಿಯಿತು. ತಾನು ಪಾಪಿಷ್ಠೆ ಎಂಬುದೇ ಆಕೆಯ ನಿತ್ಯಜಪವಾಯಿತು. ಸಕ್ಕರೆ ಕಾಯಿಲೆಯಿದ್ದರೂ ಏಕಾದಶಿಯಂದು ಹನಿ ನೀರಿಲ್ಲ, ಮಾತ್ರೆಯಿಲ್ಲ. ಪಾರಣೆಗೆ ಮುನ್ನವೇ ತಲೆಸುತ್ತಿ ಬಿದ್ದದ್ದೂ ಉಂಟು. ನೋಡಿದವರು ಭಕ್ತಿಯೆಂದರು. ಅದು ಹರಿಗೆ ಮಾಡಿದ ಸೇವೆಯೋ, ತನಗೆ ತಾನೇ ವಿಧಿಸಿಕೊಂಡ ಶಿಕ್ಷೆಯೋ ಎಂದು ಯಾರೂ ಕೇಳಲಿಲ್ಲ.

ಹರಿದಾಸರೂ ತಮ್ಮನ್ನು ನಿಂದಿಸಿಕೊಂಡವರೇ ಎಂದು ಕೆಲವರು ಹೇಳಬಹುದು. ನಿಜ. ಆತ್ಮನಿಂದೆಯ ಕೀರ್ತನೆಗಳು ದಾಸಸಾಹಿತ್ಯದಲ್ಲಿ ಹೇರಳವಾಗಿವೆ. ಆದರೆ ಆ ಮಾತು ಯಾರನ್ನು ಕುರಿತದ್ದೆಂಬುದನ್ನು ಗಮನಿಸಬೇಕು. ದಾಸರು ತಮ್ಮ ತಪ್ಪುಗಳನ್ನು ತಮ್ಮೊಳಗೇ ಎಣಿಸುತ್ತ ಕೂಡಲಿಲ್ಲ. ಕೇಳುವ ಸ್ವಾಮಿಯ ಮುಂದೆ ಹೇಳಿಕೊಂಡರು. ದೋಷಗಳ ಪಟ್ಟಿ ಎಷ್ಟೇ ಉದ್ದವಾಗಿರಲಿ, ಪುರಂದರದಾಸರ ಪದ ಮುಗಿಯುವುದು ವಿಠಲನ ಹೆಸರಿನಲ್ಲಿ. ಅಂಕಿತ ಬಂದೊಡನೆ ನಿಂದೆ ನಿಲ್ಲುತ್ತದೆ. ಅಂಕಿತವೇ ಇಲ್ಲದ ಆತ್ಮನಿಂದೆ ಮಾತ್ರ ಮುಗಿಯದೆ ಸುತ್ತುತ್ತದೆ.

ಶ್ರೀ ಜಗನ್ನಾಥದಾಸರ (1728–1809) ಚರಿತ್ರೆ ಇದಕ್ಕೆ ನಿದರ್ಶನ. ಮಾನವಿಯ ಬಳಿಯ ಬ್ಯಾಗವಟದಲ್ಲಿ ಜನಿಸಿದ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ಪ್ರಕಾಂಡ ಪಂಡಿತರು. ಶ್ರೀ ವಿಜಯದಾಸರ (1682–1755) ಆಹ್ವಾನವನ್ನು ಅವರು ಹೊಟ್ಟೆನೋವಿನ ನೆಪ ಹೇಳಿ ತಿರಸ್ಕರಿಸಿದರೆಂದೂ, ಮುಂದೆ ಆ ನೆಪವೇ ನಿಜವಾದ ವ್ಯಾಧಿಯಾಯಿತೆಂದೂ ಸಂಪ್ರದಾಯ ಹೇಳುತ್ತದೆ. ಪಶ್ಚಾತ್ತಾಪದಿಂದ ಬಂದವರನ್ನು ವಿಜಯದಾಸರು ತಮ್ಮ ಶಿಷ್ಯರಾದ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ಅಭಿಮಂತ್ರಿಸಿದ ಜೋಳದ ರೊಟ್ಟಿಯನ್ನು ಕೊಟ್ಟು, ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನೂ ಧಾರೆಯೆರೆದರು. ಅಪರಾಧಿಗೆ ಅಲ್ಲಿ ದೊರೆತದ್ದು ಬೈಗುಳವಲ್ಲ, ರೊಟ್ಟಿ. ಹಾಗೆ ದೊರೆತ ಆಯುಷ್ಯವನ್ನು ಅವರು ಹಳೆಯ ತಪ್ಪನ್ನು ನೆನೆದು ಕೊರಗುವುದರಲ್ಲಿ ಕಳೆಯಲಿಲ್ಲ. ಮೂವತ್ತೆರಡು ಸಂಧಿಗಳ ಹರಿಕಥಾಮೃತಸಾರ ಕನ್ನಡಕ್ಕೆ ದಕ್ಕಿತು.

ಸಿದ್ಧಾಂತವೂ ಇದನ್ನೇ ಪುಷ್ಟೀಕರಿಸುತ್ತದೆ. ಜೀವನು ಕರ್ತೃವೇ ಹೌದು, ಆದರೆ ಸ್ವತಂತ್ರ ಕರ್ತೃವಲ್ಲ. ಕರ್ತೃವಾದ್ದರಿಂದ ತಪ್ಪನ್ನು ಒಪ್ಪಿಕೊಳ್ಳಲೇಬೇಕು. ದೇವರೇ ಮಾಡಿಸಿದನೆಂದು ಜಾರಿಕೊಳ್ಳುವಂತಿಲ್ಲ. ಪರಾಧೀನನಾದ್ದರಿಂದ ಎಲ್ಲವೂ ತನ್ನಿಂದಲೇ ಕೆಟ್ಟಿತೆಂದು ಭಾವಿಸುವುದೂ ಸಲ್ಲದು. ತಾನೇ ಶ್ರೇಷ್ಠನೆಂಬುದು ಹೇಗೆ ಅಹಂಕಾರವೋ, ಶ್ರೀಹರಿಯ ಕ್ಷಮೆಗೂ ಮೀರಿದ ಪಾಪಿ ತಾನೆಂಬುದೂ ಹಾಗೆಯೇ ಅಹಂಕಾರದ ಇನ್ನೊಂದು ಮುಖ. ಮೋಕ್ಷಯೋಗ್ಯ ಜೀವನ ಸ್ವರೂಪ ಜ್ಞಾನಾನಂದಮಯವಾದುದು. ದೋಷ ಅಂಟಿದ್ದು ಪ್ರಕೃತಿಬಂಧದಿಂದ. ತಾಮ್ರದ ತಂಬಿಗೆಗೆ ಕಿಲುಬು ಹತ್ತಿದರೆ ಹುಣಸೆಹಣ್ಣಿನಿಂದ ತಿಕ್ಕುತ್ತಾರೆಯೇ ಹೊರತು ತಂಬಿಗೆಯನ್ನೇ ಜಜ್ಜುವುದಿಲ್ಲ.

ದೇಹಮನಸ್ಸುಗಳ ಆರೈಕೆಯೂ ಸಾಧನೆಯ ಅಂಗವೇ. ತನ್ನನ್ನು ತಾನೇ ಉದ್ಧರಿಸಿಕೊಳ್ಳಬೇಕು, ಕುಗ್ಗಿಸಿಕೊಳ್ಳಬಾರದು ಎಂದು ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತನು ಅರ್ಜುನನಿಗೆ ಉಪದೇಶಿಸಿದನು. ಅತಿಯಾಗಿ ಉಣ್ಣುವವನಿಗೂ ಉಣ್ಣದೇ ಇರುವವನಿಗೂ, ಅತಿಯಾಗಿ ಮಲಗುವವನಿಗೂ ನಿದ್ದೆಗೆಡುವವನಿಗೂ ಯೋಗ ಸಿದ್ಧಿಸದೆಂಬ ಮಾತು ಅದೇ ಅಧ್ಯಾಯದಲ್ಲಿದೆ. ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರನು ಹೇಳುವ, ವ್ರತಕ್ಕೆ ಭಂಗ ತಾರದ ಎಂಟರಲ್ಲಿ ನೀರು, ಹಣ್ಣು, ಹಾಲುಗಳ ಜೊತೆಗೆ ಔಷಧವೂ ಸೇರಿದೆ. ಆದುದರಿಂದ ರೋಗಿಯು ವೈದ್ಯರನ್ನೂ ಗುರುಹಿರಿಯರನ್ನೂ ಕೇಳಿ ಉಪವಾಸದ ಕ್ರಮವನ್ನು ನಿಶ್ಚಯಿಸಿಕೊಳ್ಳುವುದು ಭಕ್ತಿಯ ಕೊರತೆಯಲ್ಲ. ವಾರಗಟ್ಟಲೆ ನಿದ್ದೆ ಬಾರದೆ, ಅನ್ನ ಸೇರದೆ, ಬದುಕೇ ಬೇಡವೆನಿಸುವಂತಾದರೆ ಮನೆಯವರಲ್ಲಿ ಬಾಯಿಬಿಟ್ಟು ಹೇಳಬೇಕು, ಮನೋವೈದ್ಯರನ್ನು ತಡಮಾಡದೆ ಕಾಣಬೇಕು. ರೋಗಕ್ಕೆ ಮದ್ದು ಕೊಡುವ ಧನ್ವಂತರಿಯೂ ಶ್ರೀಹರಿಯ ರೂಪವೇ ಅಲ್ಲವೇ?

ಆ ಗೃಹಿಣಿಗೆ ಹೇಳಬೇಕಾದದ್ದು ಇಷ್ಟೇ. ಆಡಿದ ಮಾತು ತಪ್ಪು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಒಂದು ದಿನ ದೇವರ ಮುಂದೆ ಕುಳಿತು ನಡೆದುದನ್ನು ನಡೆದಂತೆಯೇ ಒಪ್ಪಿಸಿ, ನಾಮತ್ರಯವನ್ನು ಜಪಿಸಿ ಏಳಬೇಕು. ನಾಲ್ಕು ವರ್ಷಗಳ ಸೇವೆಯನ್ನೂ ಅದರ ಜೊತೆಗೇ ಅರ್ಪಿಸಬೇಕು; ತಪ್ಪನ್ನು ಕಂಡ ಸ್ವಾಮಿ ಆ ಸೇವೆಯನ್ನೂ ಕಂಡಿದ್ದಾನೆ. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಬೇಕು. ನೆನಪು ಮತ್ತೆ ಬಂದರೆ, ಬಾರದೇ ಇರದು, ಅದೇ ಕಟ್ಟಡದಲ್ಲಿ ಒಂಟಿಯಾಗಿರುವ ಮುದುಕಿಯೊಬ್ಬಳ ಬಾಗಿಲು ತಟ್ಟಿ, ಏನಾದರೂ ಬೇಕೇ ಎಂದು ಕೇಳಬಹುದು. ಆಕೆ ಮೂರನೆಯ ಬಾರಿ ನೀರು ಕೇಳಿದರೂ ಕೊಡಬಹುದು. ಶಿಕ್ಷೆಯಿಂದ ತೀರದ ಋಣ ಸೇವೆಯಿಂದ ಹಗುರಾಗುತ್ತದೆ.

ತಪ್ಪಿಲ್ಲದವರ ಸಭೆ ಎಲ್ಲಿಯೂ ಇಲ್ಲ. ಕೈಲಿರುವ ಲೋಪಗಳೊಂದಿಗೇ ಬಂದವರನ್ನು ಸ್ವೀಕರಿಸುವ ಸ್ವಾಮಿಯೊಬ್ಬನಿದ್ದಾನೆಂಬ ವಿಶ್ವಾಸ ಸರ್ವರಲ್ಲಿಯೂ ದೃಢವಾಗಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥