ಮಧುಮೇಹಿಗಳ ನಡಿಗೆಯೂ ಮೊಬೈಲಿನ ನೆರವೂ



ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಸುಮಾರು 10 ಕೋಟಿ ಜನರು ಮಧುಮೇಹಕ್ಕೆ ಗುರಿಯಾಗಿರುವರು. ಈ ವ್ಯಾಧಿಗೆ ಔಷಧ, ಪಥ್ಯ, ವ್ಯಾಯಾಮಗಳೆಂಬ ಮೂರು ಉಪಾಯಗಳುಂಟು. ಮೊದಲನೆಯದನ್ನು ವೈದ್ಯರು ಕೊಡುವರು. ಎರಡನೆಯದಕ್ಕೆ ಮನೆಯವರು ನೆರವಾಗುವರು. ಮೂರನೆಯದನ್ನು ರೋಗಿಯು ತಾನೇ ಎದ್ದು ಮಾಡಬೇಕು. ಆದುದರಿಂದಲೇ ಅದು ಎಲ್ಲಕ್ಕಿಂತ ಮೊದಲು ತಪ್ಪಿಹೋಗುವದು.

ನಡೆಯುವಾಗ ಸ್ನಾಯುಗಳು ರಕ್ತದೊಳಗಿನ ಸಕ್ಕರೆಯನ್ನು ಹೀರಿಕೊಳ್ಳುವವು. ಆದರೆ ಈ ಫಲವು ಒಂದೆರಡು ದಿನಗಳಲ್ಲಿ ತೀರಿಹೋಗುವದು. ಆದಕಾರಣ ವೈದ್ಯರು ವಾರಕ್ಕೆ 150 ನಿಮಿಷಗಳ ಬಿರುಸು ನಡಿಗೆಯನ್ನು ವಿಧಿಸಿ, ಒಟ್ಟಿಗೆ ಎರಡು ದಿನಗಳಿಗಿಂತ ಹೆಚ್ಚು ಬಿಡಬಾರದೆಂದು ಹೇಳುವರು. ಇದನ್ನು ಕೇಳಿದವರು ಬಹು ಮಂದಿ. ನಿತ್ಯವೂ ನಡೆಸುವವರು ವಿರಳ.

ಈ ಕೊರತೆಯನ್ನು ತುಂಬಲು ಕೈಯೊಳಗಿನ ಮೊಬೈಲು ಉಪಕರಿಸಬಲ್ಲದು. ಚೆನ್ನೈಯ ಡಾ. ಎ. ರಾಮಚಂದ್ರನ್ ಅವರೂ ಸಂಗಡಿಗರೂ ಮಧುಮೇಹದ ಅಂಚಿನಲ್ಲಿದ್ದ 537 ದುಡಿಯುವ ಗಂಡಸರನ್ನು ಎರಡು ವರ್ಷ ಪರೀಕ್ಷಿಸಿ, 2013ರಲ್ಲಿ ಫಲವನ್ನು ಪ್ರಕಟಿಸಿದರು. ಬರಿಯ ಉಪದೇಶ ಪಡೆದವರಲ್ಲಿ ನೂರಕ್ಕೆ 27 ಮಂದಿಗೆ ರೋಗವು ತಗಲಿತು. ಅದರ ಜೊತೆಗೆ ಆಹಾರ ವ್ಯಾಯಾಮಗಳನ್ನು ಜ್ಞಾಪಿಸುವ ಸಂದೇಶಗಳನ್ನು ಮೊಬೈಲಿನಲ್ಲಿ ಪಡೆದವರಲ್ಲಿ 18 ಮಂದಿಗೆ ಮಾತ್ರ. ಇನ್ನು ಹೆಜ್ಜೆಯೆಣಿಕೆಯ ವಿಷಯ. 26 ಅಧ್ಯಯನಗಳನ್ನು ಕ್ರೋಡೀಕರಿಸಿದ 2007ರ ಅಮೆರಿಕದ ವಿಮರ್ಶೆಯೊಂದರಲ್ಲಿ, ಎಣಿಸುವ ಯಂತ್ರವನ್ನು ಧರಿಸಿದವರು ದಿನಕ್ಕೆ 2,000ಕ್ಕೂ ಮಿಕ್ಕಿ ಹೆಚ್ಚು ಹೆಜ್ಜೆಗಳನ್ನಿಟ್ಟರೆಂದೂ, ಗುರಿಯನ್ನಿಟ್ಟುಕೊಳ್ಳುವದೇ ಇದಕ್ಕೆ ಮುಖ್ಯವೆಂದೂ ಕಂಡುಬಂದಿತು. ಅದೇ ಕೆಲಸವನ್ನು ಈಗ ಮೊಬೈಲಿನ ಆಪ್ ಮಾಡುವದು.

ಆದರೆ ಗುರಿಯು ಅವರವರ ಶಕ್ತಿಗೆ ತಕ್ಕುದಾಗಿರಬೇಕು. ಅನೇಕ ಆಪುಗಳು ತೋರಿಸುವ 10,000 ಹೆಜ್ಜೆಗಳ ಲೆಕ್ಕವು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಎಣಿಕೆಯ ಯಂತ್ರವೊಂದರ ಹೆಸರಿನಿಂದ ಹುಟ್ಟಿದುದು. ಮೂರು ಸಾವಿರಕ್ಕೇ ದಣಿಯುವ ವೃದ್ಧರು ಆ ಅಂಕಿಯನ್ನು ಕಂಡು ಕೈಬಿಡಬಾರದು. ಮೊದಲ ವಾರ ಸುಮ್ಮನೆ ಎಣಿಸಿರಿ. ಆಮೇಲೆ ಐನೂರೈನೂರರಂತೆ ಏರಿಸಿರಿ. ಫೋನನ್ನು ಗೂಡಿನಲ್ಲಿಟ್ಟು ಹೊಲಕ್ಕೆ ಹೋದವನ ದುಡಿಮೆಯು ಆಪಿಗೆ ತಿಳಿಯದು. ಅದರಿಂದ ಆ ದುಡಿಮೆಗೇನೂ ಕುಂದಿಲ್ಲ.

ಎರಡು ಎಚ್ಚರಿಕೆಗಳನ್ನು ಆಪಿಗೆ ಬಿಡದೆ ತಾವೇ ವಹಿಸಬೇಕು. ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ನಡೆಯುವಾಗ ಸಕ್ಕರೆಯು ತೀರ ಇಳಿದು ನಡುಕ, ಬೆವರು ಬರಬಹುದು. ಅವರು ವೈದ್ಯರನ್ನು ಕೇಳಿಕೊಂಡು, ಸಕ್ಕರೆಯನ್ನು ಸಂಗಡ ಇಟ್ಟುಕೊಂಡಿರಬೇಕು. ಪಾದದ ಸ್ಪರ್ಶಜ್ಞಾನ ಕುಂದಿದವರು ಪಾದಯಾತ್ರೆಯ ಉತ್ಸಾಹದಲ್ಲಿಯೂ ಬರಿಗಾಲಿನಲ್ಲಿ ನಡೆಯಬಾರದು. ಅರಿವಿಗೆ ಬಾರದ ಸಣ್ಣ ಗಾಯವೇ ಕೆಲವೊಮ್ಮೆ ಕಾಲನ್ನು ಕಳೆಯುವದು.

ಕಡೆಗೆ ಒಂದು ಮಾತು. ಯಂತ್ರವು ಕರೆಯಬಲ್ಲದು, ಬಾರದವನ ಬಾಗಿಲನ್ನು ತಟ್ಟಲಾರದು. ನಾಲ್ವರು ನೆರೆಯವರು ಕೂಡಿ ನಡೆದು, ಸಂಜೆ ತಮ್ಮ ಎಣಿಕೆಗಳನ್ನು ಪರಸ್ಪರ ಹೇಳಿಕೊಂಡರೆ ಆ ಕೊರತೆಯೂ ನೀಗುವದು. ತಮ್ಮ ಬೀದಿಯ ಒಬ್ಬ ಮಧುಮೇಹಿಯನ್ನಾದರೂ ನಾಳೆ ಬೆಳಿಗ್ಗೆ ಜೊತೆಗೆ ಕರೆದುಕೊಂಡು ಹೊರಡಿರೆಂದು ಬೇಡಿಕೊಂಡು ವಿರಮಿಸುತ್ತೇನೆ.